ಬಳಕೆ ವೆಚ್ಚ: ಕುಟುಂಬ ಮತ್ತು ಸರ್ಕಾರ (ಕಲಬುರಗಿ ಸೀಮೆಯ ಹಿನ್ನೆಲೆಯಲ್ಲಿ)

ಒಂದು ದೇಶದಲ್ಲಿ ವರ್ಷವಿಡೀ ತಯಾರಾದ ಸರಕು ಸೇವೆಗಳು ಕೊನೆಗೆ ಯಾರ ಪಾಲಾದವು ಎಂದು ಲೆಕ್ಕ ಹಾಕುವಾಗ ನಾಲ್ಕು ಬಾಬುಗಳು ಬರುತ್ತವೆ: ಕುಟುಂಬಗಳ ಬಳಕೆ, ಸರ್ಕಾರದ ಬಳಕೆ, ಬಂಡವಾಳ ಹೂಡಿಕೆ, ಮತ್ತು ರಫ್ತಿನಲ್ಲಿ ಆಮದು ಕಳೆದು ಉಳಿದದ್ದು. ಅರ್ಥಶಾಸ್ತ್ರದ ಪಠ್ಯಗಳು ಅನುಭೋಗ ವೆಚ್ಚ ಎಂದು ಕರೆಯುವುದು ಇವುಗಳಲ್ಲಿ ಮೊದಲ ಎರಡನ್ನು. ಅಕ್ಕಿ ಬೇಳೆ, ಬಟ್ಟೆ, ಮೊಬೈಲ್ ರೀಚಾರ್ಜ್, ಬಸ್ ಚಾರ್ಜ್, ವೈದ್ಯರ ಫೀಸು ಇವೆಲ್ಲ ಕುಟುಂಬದ ಬಳಕೆ. ಶಿಕ್ಷಕರು, ದಾದಿಯರು, ಪೊಲೀಸರು, ಗುಮಾಸ್ತರ ಸಂಬಳ ಮತ್ತು ಕಚೇರಿ, ಆಸ್ಪತ್ರೆ, ಶಾಲೆಗಳು ದಿನನಿತ್ಯ ನಡೆಯಲು ಬೇಕಾದ ಸಾಮಗ್ರಿ ಸರ್ಕಾರದ ಬಳಕೆ. ರಾಷ್ಟ್ರೀಯ ಲೆಕ್ಕದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಾಲುಗಳಿವೆ. ಪತ್ರಿಕೆಗಳು ಮೊದಲನೆಯದು ಏರಿದರೆ ಜನ ಚೆನ್ನಾಗಿದ್ದಾರೆ ಎಂದೂ ಎರಡನೆಯದು ಏರಿದರೆ ಸರ್ಕಾರ ದುಂದು ಮಾಡುತ್ತಿದೆ ಎಂದೂ ಬರೆಯುತ್ತವೆ. ಈ ಎರಡು ಓದುಗಳೂ ಅರ್ಧ ಸತ್ಯ. ಶಿಕ್ಷಣ, ಆರೋಗ್ಯದಂಥ ಬಾಬುಗಳಲ್ಲಿ ಒಂದು ಸಾಲು ಇನ್ನೊಂದರ ಬದಲಿಯಾಗಿ ಕೆಲಸ ಮಾಡುತ್ತದೆ. ಸರ್ಕಾರದ ಬಳಕೆ ಕೊರತೆಯಾದ ಕಡೆ ಕುಟುಂಬದ ಬಳಕೆ ಉಬ್ಬುತ್ತದೆ; ಆ ಉಬ್ಬು ಸಮೃದ್ಧಿಯದ್ದಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆ ಇದನ್ನು ನೋಡಲು ತಕ್ಕ ಜಾಗ. ಇಲ್ಲಿ ಉತ್ಪಾದನೆಯ ಅಂಕಿ ದೊಡ್ಡದು, ಬಳಕೆಯ ಕಥೆ ಬೇರೆಯದೇ.

ಭಾರತದ ಮಟ್ಟಿಗೆ ಈ ಲೆಕ್ಕದ ಶಿಸ್ತು ಸ್ವಾತಂತ್ರ್ಯದ ಹೊತ್ತಿಗೆ ಗಟ್ಟಿಯಾಯಿತು. ಬ್ರಿಟಿಷ್ ಇಂಡಿಯಾದ 1931-32ರ ರಾಷ್ಟ್ರೀಯ ಆದಾಯವನ್ನು ಅಂದಾಜಿಸಿದ ವಿ.ಕೆ.ಆರ್.ವಿ. ರಾವ್, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು, 1949ರ ರಾಷ್ಟ್ರೀಯ ಆದಾಯ ಸಮಿತಿಯ ಮೂವರು ಸದಸ್ಯರಲ್ಲಿ ಒಬ್ಬರು. ಅದರ ಅಧ್ಯಕ್ಷರು ಪಿ.ಸಿ. ಮಹಾಲನೋಬಿಸ್, ಇನ್ನೊಬ್ಬ ಸದಸ್ಯರು ಡಿ.ಆರ್. ಗಾಡ್ಗೀಳ್. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಮನೆಮನೆಗೆ ಹೋಗಿ ಖರ್ಚು ಕೇಳಲು ಶುರು ಮಾಡಿತು. ಕಲಬುರಗಿ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆಯಲ್ಲೇ ಎಸ್. ಕೇಶವ ಅಯ್ಯಂಗಾರ್ ಆ ರಾಜ್ಯದ ಹಳ್ಳಿಗಳ ಆರ್ಥಿಕ ವಿಚಾರಣೆ ನಡೆಸಿ, 1949-51ರಲ್ಲಿ ಮತ್ತೆ ಅದೇ ಕೆಲಸ ಮಾಡಿದ್ದರು. ಹೀಗಾಗಿ ಮನೆಖರ್ಚನ್ನು ಬರೆದಿಡುವ ಪದ್ಧತಿ ಈ ಸೀಮೆಗೆ ದೆಹಲಿಯಿಂದ ಬಂದ ಹೊಸ ಸಂಗತಿಯೇನಲ್ಲ.

ಏಳು ದಶಕಗಳ ದೊಡ್ಡ ಚಿತ್ರ ಹೀಗಿದೆ. 1950ರ ದಶಕದ ಆರಂಭದಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಕುಟುಂಬಗಳ ಬಳಕೆಯ ಪಾಲು ಶೇ. 85ಕ್ಕೂ ಹೆಚ್ಚು, ಸರ್ಕಾರದ ಬಳಕೆಯ ಪಾಲು ಸುಮಾರು ಶೇ. 6. ಬಡ ದೇಶ ದುಡಿದದ್ದನ್ನು ಬಹುಪಾಲು ಉಂಡುಬಿಡುತ್ತಿತ್ತು, ಉಳಿತಾಯಕ್ಕೆ ಹೆಚ್ಚೇನೂ ಮಿಗುತ್ತಿರಲಿಲ್ಲ. ಉಳಿತಾಯ ಮತ್ತು ಹೂಡಿಕೆ ಬೆಳೆದಂತೆ ಕುಟುಂಬದ ಪಾಲು ಇಳಿಯುತ್ತ ಬಂದು 2000ದ ದಶಕದ ಕೊನೆಗೆ ಶೇ. 56-57ರ ಆಸುಪಾಸು ತಲುಪಿತು. ಆಮೇಲೆ ನಿಧಾನವಾಗಿ ಏರಿ ಈಗ ಶೇ. 60ರ ಸುತ್ತ ನಿಂತಿದೆ. ಸರ್ಕಾರದ ಪಾಲು ಶೇ. 10-11ಕ್ಕೆ ಬಂದು ಅಲ್ಲೇ ಇದೆ. ಹೋಲಿಕೆಗೆ ಹೇಳುವುದಾದರೆ ಅಮೆರಿಕದಲ್ಲಿ ಕುಟುಂಬಗಳ ಪಾಲು ಶೇ. 68ರಷ್ಟು, ಚೀನಾದಲ್ಲಿ ಶೇ. 40ರ ಒಳಗೆ. ಪಾಲು ಇಳಿಯಿತು ಎಂದರೆ ಜನ ಕಡಿಮೆ ಉಂಡರು ಎಂದಲ್ಲ. ಇಡೀ ಉತ್ಪನ್ನ ಅದಕ್ಕಿಂತ ಬೇಗ ಬೆಳೆಯಿತು ಎಂದಷ್ಟೆ. ಸರ್ಕಾರಿ ಬಳಕೆಯ ಏರಿಳಿತದಲ್ಲಿ ಒಂದು ವಿಚಿತ್ರ ತಾಳವಿದೆ: ವೇತನ ಆಯೋಗದ ವರದಿ ಜಾರಿಯಾದಾಗಲೆಲ್ಲ ಅದು ಜಿಗಿಯುತ್ತದೆ. ಕೇಂದ್ರದ ಆರನೇ ಆಯೋಗ 2008ರಲ್ಲಿ, ಏಳನೆಯದು 2016ರಲ್ಲಿ, ಕರ್ನಾಟಕದ ಏಳನೇ ಆಯೋಗ 2024ರ ಆಗಸ್ಟ್ 1ರಿಂದ ಶೇ. 27.5ರ ಫಿಟ್‌ಮೆಂಟ್ (ಮೂಲವೇತನದ ಏರಿಕೆ)ನೊಂದಿಗೆ. ಅಂದು ಮಕ್ಕಳಿಗೆ ಹೆಚ್ಚು ಪಾಠವಾಗಲಿಲ್ಲ, ರೋಗಿಗಳಿಗೆ ಹೆಚ್ಚು ಮಾತ್ರೆ ಸಿಗಲಿಲ್ಲ. ಸರ್ಕಾರದ ಸೇವೆಗೆ ಮಾರುಕಟ್ಟೆ ಬೆಲೆ ಇಲ್ಲದ್ದರಿಂದ ಲೆಕ್ಕಿಗರು ಅದನ್ನು ತಗಲಿದ ಖರ್ಚಿನಿಂದಲೇ ಅಳೆಯುತ್ತಾರೆ. ಈ ದೌರ್ಬಲ್ಯದ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಈ ಸೀಮೆಗೆ ಬರೋಣ. ನೆಲದಡಿ ಸುಣ್ಣಕಲ್ಲು, ನೆಲದ ಮೇಲೆ ತೊಗರಿ ಮತ್ತು ಜೋಳ. 1870ರ ದಶಕದಲ್ಲಿ ಮುಂಬೈ ಕಡೆಯ ರೈಲು ಹಳಿ ಬಂದು ವಾಡಿಯಿಂದ ಹೈದರಾಬಾದಿಗೆ ಕವಲೊಡೆದದ್ದು ಕಲ್ಲಿಗೆ ದಾರಿ ತೋರಿಸಿತು. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಕೂಟದೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ. 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ. ಇತ್ತೀಚೆಗೆ ಚಿತ್ತಾಪುರದ ಇಟಗಾ, ಸೇಡಂನ ಕೋಡ್ಲಾ, ಚಿಂಚೋಳಿಯ ಛತ್ರಸಾಲಾದ ಕಾರ್ಖಾನೆಗಳು. ರಾಷ್ಟ್ರಕೂಟರ ಮಾನ್ಯಖೇಟವನ್ನು ಇಂದು ದೇಶ ನೆನೆಯುವುದು ಹೆಚ್ಚಾಗಿ ಚೀಲದ ಮೇಲಿನ ವಿಳಾಸವಾಗಿ. ಆದರೆ ಒಂದು ಚೀಲ ಸಿಮೆಂಟ್ ಯಾವ ಬಾಬಿಗೆ ಸೇರುತ್ತದೆ? ಅದು ಪುಣೆಯ ಮೇಲ್ಸೇತುವೆಗೋ ಹೈದರಾಬಾದಿನ ಅಪಾರ್ಟ್‌ಮೆಂಟಿಗೋ ಹೋದರೆ ಅಲ್ಲಿನ ಬಂಡವಾಳ ಹೂಡಿಕೆ. ಭಂಕೂರಿನ ಒಬ್ಬ ಗೃಹಸ್ಥ ತನ್ನ ಹೊಸ ಮನೆಗೆ ಅದೇ ಚೀಲ ತಂದು, ಶಹಾಬಾದ್ ಫರಸಿ ಹಾಸಿಸಿದರೂ ಅದು ಬಳಕೆಯಲ್ಲ, ಹೂಡಿಕೆಯೇ. ಆ ಮನೆಯಲ್ಲಿ ವಾಸ ಮಾಡುವುದರಿಂದ ಆತ ತನಗೆ ತಾನೇ ಕೊಟ್ಟುಕೊಂಡಂತೆ ಎಣಿಸುವ ಬಾಡಿಗೆ ಮಾತ್ರ ಬಳಕೆ. ಜಿಲ್ಲಾ ಉತ್ಪನ್ನದ ಲೆಕ್ಕಕ್ಕೆ ಕಾರ್ಖಾನೆಯ ಮೌಲ್ಯವೆಲ್ಲ ಬಂದು ಬೀಳುತ್ತದೆ. ಲಾಭ ಮಾತ್ರ ಷೇರುದಾರರಿರುವಲ್ಲಿಗೆ ಹೋಗುತ್ತದೆ. ಊರಿನಲ್ಲಿ ಉಳಿಯುವುದು ಕೂಲಿ, ಲಾರಿ ಬಾಡಿಗೆ, ಗುತ್ತಿಗೆ ಕಾರ್ಮಿಕರ ಸಂಬಳ, ಖಾನಾವಳಿಯ ವ್ಯಾಪಾರ. ಆದ್ದರಿಂದ ತಲಾ ಉತ್ಪನ್ನವನ್ನು ನೋಡಿ ಈ ಸೀಮೆಯ ಜನರ ಜೀವನಮಟ್ಟವನ್ನು ಊಹಿಸುವುದು ಅಪಾಯದ ಕೆಲಸ. ಬದುಕನ್ನು ಹೇಳುವ ಅಂಕಿ ಬಳಕೆಯದೇ.

ತಿರುಗುಮುರುಗಾದ ನಿದರ್ಶನವೂ ಇದೆ. ಚಿಂಚೋಳಿಯ ತಾಂಡಾಗಳಿಂದ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದವರ ದುಡಿಮೆ ಉತ್ಪನ್ನವಾಗಿ ಎಣಿಕೆಯಾಗುವುದು ಆ ನಗರಗಳಲ್ಲಿ, ಅವರು ಕಳಿಸಿದ ಹಣದ ಖರ್ಚು ಆಗುವುದು ಇಲ್ಲಿನ ಕಿರಾಣಿ ಅಂಗಡಿಯಲ್ಲಿ. 2020ರಲ್ಲಿ ಲಾಕ್‌ಡೌನ್ ಬಿದ್ದಾಗ ಇದು ಕಣ್ಣಿಗೆ ಕಟ್ಟುವಂತೆ ತಿಳಿಯಿತು. ಸಿಮೆಂಟ್ ಗೂಡುಗಳು ಮತ್ತೆ ಉರಿಯತೊಡಗಿದರೂ ಗುಳೆಯ ಹಣ ಅಷ್ಟು ಬೇಗ ಮರಳಲಿಲ್ಲ. ಆ ವರ್ಷ ಇಡೀ ದೇಶದ ಕುಟುಂಬ ಬಳಕೆಯೇ ಕುಸಿದಿತ್ತು.

ಮನೆಖರ್ಚಿನ ಒಳರಚನೆ ಬದಲಾದ ಬಗೆಯನ್ನು ಸಮೀಕ್ಷೆಗಳು ಚೆನ್ನಾಗಿ ತೋರಿಸುತ್ತವೆ. ಆದಾಯ ಏರಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಎಂದು ಜರ್ಮನ್ ಸಂಖ್ಯಾಶಾಸ್ತ್ರಜ್ಞ ಎರ್ನ್ಸ್ಟ್ ಎಂಗೆಲ್ 1857ರಲ್ಲೇ ಹೇಳಿದ್ದ. ಗ್ರಾಮೀಣ ಭಾರತದಲ್ಲಿ ಆ ಪಾಲು 1999-2000ದಲ್ಲಿ ಶೇ. 59ರಷ್ಟಿದ್ದದ್ದು 2011-12ರಲ್ಲಿ ಶೇ. 53ಕ್ಕೆ, 2022-23ರಲ್ಲಿ ಶೇ. 46ಕ್ಕೆ ಇಳಿಯಿತು. ಒಟ್ಟು ಖರ್ಚಿನಲ್ಲಿ ಏಕದಳ ಧಾನ್ಯದ ಪಾಲು ಇದೇ ಅವಧಿಯಲ್ಲಿ ಶೇ. 22ರಿಂದ ಶೇ. 5ರ ಹತ್ತಿರಕ್ಕೆ ಬಂತು. ತಲಾ ಮಾಸಿಕ ಖರ್ಚು ಗ್ರಾಮೀಣ ಭಾರತದಲ್ಲಿ 2011-12ರ 1,430 ರೂಪಾಯಿಯಿಂದ 2022-23ಕ್ಕೆ 3,773 ರೂಪಾಯಿ. ಕರ್ನಾಟಕದ ಹಳ್ಳಿಗಳಲ್ಲಿ 4,397, ಪಟ್ಟಣಗಳಲ್ಲಿ 7,666. ಬೆಲೆಯೇರಿಕೆ ಕಳೆದರೂ ಇದು ನಿಜವಾದ ಬೆಳವಣಿಗೆಯೇ. ಆದರೆ ಇದೇ ಸಮೀಕ್ಷೆಯ ಇನ್ನೊಂದು ಅಂಕಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು: 2022-23ರಲ್ಲಿ ಗ್ರಾಮೀಣ ಕುಟುಂಬ ವೈದ್ಯಕೀಯಕ್ಕೆ ಮಾಡಿದ ಖರ್ಚು ಸುಮಾರು ಶೇ. 7, ಅಂದರೆ ಧಾನ್ಯಕ್ಕೆ ಮಾಡಿದ್ದಕ್ಕಿಂತ ಹೆಚ್ಚು. ಧಾನ್ಯದ ಪಾಲು ಇಷ್ಟು ಇಳಿಯಲು ಒಂದು ಕಾರಣ ಜನ ಹಾಲು, ಹಣ್ಣು, ತಿಂಡಿಯತ್ತ ಹೊರಳಿದ್ದು. ಇನ್ನೊಂದು ಕಾರಣ ಪಡಿತರದ ಅಕ್ಕಿಗೆ ಅವರು ದುಡ್ಡು ಕೊಡದೇ ಇದ್ದದ್ದು. ಜೋಳದ ರೊಟ್ಟಿಯ ಸೀಮೆಯಲ್ಲಿ ಅನ್ನದ ತಟ್ಟೆ ದೊಡ್ಡದಾದದ್ದರಲ್ಲಿ ರುಚಿಗಿಂತ ನ್ಯಾಯಬೆಲೆ ಅಂಗಡಿಯ ಪಾತ್ರ ಹೆಚ್ಚು. 2013ರಲ್ಲಿ ರಾಜ್ಯದ ಅನ್ನಭಾಗ್ಯ ಪಡಿತರ ಯೋಜನೆ ಬಂದ ಮೇಲಂತೂ ಹೌದು. ವೈದ್ಯಕೀಯ ಖರ್ಚಿಗೆ ಇಂಥ ಆಸರೆ ಅಷ್ಟಾಗಿ ಇಲ್ಲ.

ತೊಗರಿಯಿಂದಾಗುವ ತೊಡಕು ಬೇರೆ ಬಗೆಯದು. ರೈತ ಬೆಳೆದು ತಾನೇ ಉಂಡ ಬೇಳೆ ಜೋಳವೂ ಬಳಕೆಯೇ. ಸಮೀಕ್ಷೆಯವರು ಅದಕ್ಕೆ ಹೊಲದ ಬೆಲೆ ಕಟ್ಟಿ ಸೇರಿಸುತ್ತಾರೆ. 2015ರಲ್ಲಿ ತೊಗರಿಬೇಳೆ ಕೆ.ಜಿ.ಗೆ 200 ರೂಪಾಯಿ ಮುಟ್ಟಿದಾಗ ಕಲಬುರಗಿಯ ರೈತ ಮನೆಯ ಬಳಕೆಯ ‘ಮೌಲ್ಯ’ ಏರಿತು, ಶಹಾಬಾದಿನ ಕಾರ್ಮಿಕನ ಸಾರು ಮಾತ್ರ ತೆಳ್ಳಗಾಯಿತು. ಮರುವರ್ಷ ಬಂಪರ್ ಬೆಳೆ ಬಂದು ಧಾರಣೆ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಜಾರಿತು. ಆಗ ಇವೆರಡೂ ಅದಲುಬದಲಾದವು. ಒಂದೇ ತಾಲ್ಲೂಕಿನೊಳಗೆ ಒಂದೇ ಬೆಲೆ ಇಬ್ಬರ ಬಳಕೆಯನ್ನು ಎದುರುಬದುರು ದಿಕ್ಕಿಗೆ ಎಳೆಯುವಾಗ ಸರಾಸರಿ ಅಂಕಿಯಿಂದ ತಿಳಿಯುವುದು ಬಹಳವಿಲ್ಲ.

ಇನ್ನು ಸರ್ಕಾರದ ಕೈ. ಈ ಸೀಮೆಗೆ ಸರ್ಕಾರ ಖರ್ಚು ಮಾಡಿಲ್ಲ ಎನ್ನುವಂತಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಆ ಪಟ್ಟಿಯಲ್ಲಿದ್ದವು (ಶಹಾಬಾದ್ ಆಗ ಚಿತ್ತಾಪುರದ ಭಾಗ). ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಮಂಡಳಿಯ ವಾರ್ಷಿಕ ಹಂಚಿಕೆ 1,500 ಕೋಟಿಯಿಂದ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಆದರೆ ಮಂಡಳಿಯ ಹಣ ಬಹುಪಾಲು ಹೋಗುವುದು ಕಾಮಗಾರಿಗೆ: ರಸ್ತೆ, ಶಾಲಾ ಕೋಣೆ, ಸಮುದಾಯ ಭವನ, ಆಸ್ಪತ್ರೆ ಕಟ್ಟಡ. ಲೆಕ್ಕದ ಭಾಷೆಯಲ್ಲಿ ಇದು ಬಂಡವಾಳ ನಿರ್ಮಾಣ, ಬಳಕೆಯಲ್ಲ. ಸರ್ಕಾರದ ಹಣ ಬರುವ ಎರಡನೆಯ ದಾರಿ ರಾಜ್ಯದ ಗ್ಯಾರಂಟಿ ಯೋಜನೆಗಳದು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ, ಆಗಸ್ಟ್ 5ರಂದು ಕಲಬುರಗಿಯಲ್ಲೇ ಉದ್ಘಾಟನೆಯಾದ ಉಚಿತ ವಿದ್ಯುತ್ತಿನ ಗೃಹಜ್ಯೋತಿ, ಆ ತಿಂಗಳ ಕೊನೆಗೆ ಮೈಸೂರಿನಲ್ಲಿ ಗೃಹಲಕ್ಷ್ಮಿ. ಐದೂ ಗ್ಯಾರಂಟಿಗಳಿಗೆ ರಾಜ್ಯ ವರ್ಷಕ್ಕೆ ತೆಗೆದಿಡುವ ಮೊತ್ತ 50,000 ಕೋಟಿ ದಾಟಿದೆ. ಇದರ ದೊಡ್ಡ ಭಾಗವೂ ಸರ್ಕಾರದ ಬಳಕೆಯಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ವರ್ಗಾವಣೆ. ಮನೆಯೊಡತಿ ಅದನ್ನು ಖರ್ಚು ಮಾಡಿದಾಗ ಕುಟುಂಬದ ಬಳಕೆಯಾಗಿ ಲೆಕ್ಕಕ್ಕೆ ಬರುತ್ತದೆ. ಶಕ್ತಿ ಇನ್ನೂ ಸ್ವಾರಸ್ಯದ್ದು: ಹೆಂಗಸರ ಪ್ರಯಾಣ ಹೆಚ್ಚಾದರೂ ಅವರ ಕೈಯಿಂದ ಹೋಗುವ ಬಸ್ ಚಾರ್ಜ್ ಸೊನ್ನೆ. ಬಳಕೆ ಏರಿ ಬಳಕೆ ವೆಚ್ಚ ಇಳಿದ ಅಪರೂಪದ ಪ್ರಸಂಗ ಇದು.

ಹಾಗಾದರೆ ಸರ್ಕಾರದ ಶುದ್ಧ ಬಳಕೆ ಎಂದರೆ ಉಳಿದದ್ದೇನು? ತರಗತಿಯಲ್ಲಿ ನಿಂತ ಶಿಕ್ಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ, ರಾತ್ರಿ ಪಾಳಿಯ ದಾದಿ, ಅಲ್ಲಿನ ಔಷಧಿ. ಖಾಲಿ ಹುದ್ದೆ ಎಂದರೆ ಸರ್ಕಾರ ಮಾಡದೇ ಬಿಟ್ಟ ಬಳಕೆ. 371(ಜೆ) ಸ್ಥಳೀಯರಿಗೆ ‘ಎ’ ಮತ್ತು ‘ಬಿ’ ದರ್ಜೆಯಲ್ಲಿ ಶೇ. 75, ‘ಸಿ’ ದರ್ಜೆಯಲ್ಲಿ ಶೇ. 80, ‘ಡಿ’ ದರ್ಜೆಯಲ್ಲಿ ಶೇ. 85 ಮೀಸಲು ಕೊಟ್ಟಿತು. ನೇಮಕಾತಿಯೇ ಆಗದ ಹುದ್ದೆಗೆ ಮೀಸಲಿನ ಪ್ರಮಾಣ ಎಷ್ಟಿದ್ದರೇನು? ಶಿಕ್ಷಕರಿಲ್ಲದ ಶಾಲೆಗೆ ಅತಿಥಿ ಶಿಕ್ಷಕರು ಬರುತ್ತಾರೆ, ಗೌರವಧನ ಕಾಯಂ ಸಂಬಳದ ಒಂದು ತುಣುಕು; ಬಜೆಟ್ಟಿಗೆ ಉಳಿತಾಯ. ಉಳಿದ ಹೊರೆ ಮನೆಗೆ ದಾಟುತ್ತದೆ. ಟ್ಯೂಷನ್ ಫೀಸು, ಖಾಸಗಿ ಇಂಗ್ಲಿಷ್ ಶಾಲೆಯ ವ್ಯಾನು, ಕಲಬುರಗಿಯ ನರ್ಸಿಂಗ್ ಹೋಮಿಗೆ ಹೋಗಿಬರುವ ಖರ್ಚು, ಸ್ಕ್ಯಾನಿಂಗು. ಇವೆಲ್ಲ ಕುಟುಂಬ ಬಳಕೆಯ ಸಾಲಿನಲ್ಲಿ ‘ಬೆಳವಣಿಗೆ’ಯಾಗಿ ಮಿನುಗುತ್ತವೆ. ಊರಿನ ಬಾವಿ ಬತ್ತಿದ್ದಕ್ಕೆ ಟ್ಯಾಂಕರ್ ನೀರು ಕೊಂಡವನನ್ನು ಶ್ರೀಮಂತನಾದ ಎಂದಂತೆ.

ಈ ಬದಲಿಯಾಟಕ್ಕೆ ರಾಷ್ಟ್ರಮಟ್ಟದ ಸಾಕ್ಷ್ಯ ಸ್ಪಷ್ಟವಾಗಿದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಸರ್ಕಾರದ ಪಾಲು ಶೇ. 28.6, ಜನರು ನೇರವಾಗಿ ಜೇಬಿನಿಂದ ಕೊಟ್ಟದ್ದು ಶೇ. 64.2. 2021-22ಕ್ಕೆ ಸರ್ಕಾರದ ಪಾಲು ಶೇ. 48ಕ್ಕೆ ಏರಿತು, ಜೇಬಿನ ಪಾಲು ಶೇ. 39.4ಕ್ಕೆ ಇಳಿಯಿತು. ಒಂದು ಏರಿದಾಗ ಇನ್ನೊಂದು ಇಳಿದದ್ದು ಕಾಕತಾಳೀಯವಲ್ಲ. ಪಾಲುಗಳ ಲೆಕ್ಕ ಹಾಗೆಯೇ ಇರುತ್ತದೆ, ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂದು ಯಾರಾದರೂ ಹೇಳಬಹುದು. ಆ ಮಾತು ತಕ್ಕಮಟ್ಟಿಗೆ ಸರಿ. ಕೋವಿಡ್ ಕಾಲದ ವಿಶೇಷ ಖರ್ಚು ಕೊನೆಯ ವರ್ಷದ ಅಂಕಿಯನ್ನು ಉಬ್ಬಿಸಿದೆ ಎಂಬುದೂ ಸರಿ. ಆದರೂ ಜೇಬಿನ ಪಾಲಿನ ಇಳಿಮುಖ ಕೋವಿಡ್‌ಗೆ ಮೊದಲೇ ಶುರುವಾಗಿತ್ತು. ಶಿಕ್ಷಣದಲ್ಲಿ 2025ರ ರಾಷ್ಟ್ರೀಯ ಸಮೀಕ್ಷೆ ಕಂಡದ್ದು ಹೀಗೆ: ಸರ್ಕಾರಿ ಶಾಲೆಯ ಮಗುವಿಗೆ ಮನೆಯವರ ಸರಾಸರಿ ವಾರ್ಷಿಕ ಖರ್ಚು 2,863 ರೂಪಾಯಿ, ಇತರ ಶಾಲೆಗಳ ಮಗುವಿಗೆ 25,002, ನಾಲ್ಕು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು ಟ್ಯೂಷನ್‌ಗೆ ಹೋಗುತ್ತಾರೆ. ಒಂದು ಶಾಲೆಯ ಬಾಗಿಲಿನಿಂದ ಇನ್ನೊಂದಕ್ಕೆ ದಾಟಿದ ಕ್ಷಣ ಮನೆಯ ಬಳಕೆ ವೆಚ್ಚ ಎಂಟೊಂಬತ್ತು ಪಟ್ಟು ಹಿಗ್ಗುತ್ತದೆ, ಕಲಿಕೆ ಅಷ್ಟು ಪಟ್ಟು ಹಿಗ್ಗುವುದಿಲ್ಲ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿ ಈ ತೊಡಕನ್ನು ಬಹಳ ಹಿಂದೆಯೇ ಕಂಡಿತ್ತು. 1993ರ ಪರಿಷ್ಕರಣೆಯಲ್ಲಿ ಅದು ‘ವಾಸ್ತವ ಬಳಕೆ’ ಎಂಬ ಅಳತೆಯನ್ನು ತಂದಿತು: ಮನೆಯವರು ತಾವೇ ಖರ್ಚು ಮಾಡಿದ್ದರ ಜೊತೆಗೆ ಸರ್ಕಾರ ಅವರಿಗಾಗಿ ನಡೆಸಿದ ಶಾಲೆ, ಆಸ್ಪತ್ರೆ ಸೇವೆಯನ್ನೂ ಕೂಡಿಸಿ ನೋಡುವ ಕ್ರಮ. ಪೊಲೀಸು, ರಕ್ಷಣೆಯಂಥ ಎಲ್ಲರಿಗೂ ಒಟ್ಟಾಗಿ ಸಲ್ಲುವ ಸೇವೆ ಇದರಲ್ಲಿ ಬರುವುದಿಲ್ಲ. ನಮ್ಮ ಚರ್ಚೆಗಳಲ್ಲಿ ಈ ಅಳತೆ ಬಳಕೆಯಾಗುವುದು ಕಡಿಮೆ.

ಸರ್ಕಾರದ ಬಳಕೆ ಹೆಚ್ಚಬೇಕು ಎಂಬ ಈ ವಾದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು ನಗದಿನ ಪರವಾದದ್ದು. ಬಡ ಮನೆಗೆ ಹಣ ಕೊಟ್ಟರೆ ಅವರಿಗೆ ಬೇಕಾದುದನ್ನು ಅವರೇ ಕೊಳ್ಳುತ್ತಾರೆ. ಶಿಕ್ಷಕರ ಸಂಬಳಕ್ಕಿಂತ ಅದೇ ಲೇಸಲ್ಲವೇ? ಆಹಾರ, ಬಟ್ಟೆ, ಸಾಲದ ಬಡ್ಡಿಯ ಮಟ್ಟಿಗೆ ಈ ವಾದ ಬಲವಾಗಿದೆ. ಗೃಹಲಕ್ಷ್ಮಿಯ ಹಣ ಉದ್ರಿ ಪುಸ್ತಕದಿಂದ ಬಿಡುಗಡೆ ಕೊಟ್ಟಿದ್ದರೆ ಅದು ಸಣ್ಣ ಮಾತಲ್ಲ. ಆದರೆ ಹಣ ಕೊಳ್ಳುವುದು ಮಾರಾಟಕ್ಕಿರುವುದನ್ನು ಮಾತ್ರ. ಚಿಂಚೋಳಿಯ ಒಂದು ತಾಂಡಾದಲ್ಲಿ ಹೆರಿಗೆ ವೈದ್ಯೆ ಮಾರಾಟಕ್ಕಿಲ್ಲ. ತಿಂಗಳಿಗೆ 2,000 ರೂಪಾಯಿ ಕೈಯಲ್ಲಿದ್ದ ಮಾತ್ರಕ್ಕೆ ಅಲ್ಲಿ ಆಸ್ಪತ್ರೆ ಹುಟ್ಟುವುದಿಲ್ಲ. ಇದ್ದಲ್ಲಿ ಕೊಳ್ಳಲು ಹೋದರೆ ಅದೇ ಹಣ ಒಂದು ಸ್ಕ್ಯಾನಿಂಗಿನಲ್ಲಿ ಮುಗಿಯುತ್ತದೆ.

ಎರಡನೆಯದು ಇನ್ನೂ ಗಟ್ಟಿಯಾದದ್ದು, ಮೇಲೆ ಮುಂದೂಡಿದ್ದೂ ಇದನ್ನೇ. ಸರ್ಕಾರದ ಬಳಕೆಯನ್ನು ಖರ್ಚಿನಿಂದ ಅಳೆಯುವುದಾದರೆ ಬಾರದ ಶಿಕ್ಷಕನ ಸಂಬಳವೂ ಸೇವೆಯಾಗಿ ಎಣಿಕೆಯಾಗುತ್ತದೆ. ಹೆಚ್ಚು ಖರ್ಚು ಮಾಡಿದರೆ ಹೆಚ್ಚು ಕಲಿಕೆ ಎಂಬುದಕ್ಕೆ ಏನು ಭರವಸೆ? ಭರವಸೆ ಇಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಶೇ. 42.43ರೊಂದಿಗೆ ರಾಜ್ಯದ ಕೊನೆಯ ಸ್ಥಾನಕ್ಕೆ ಇಳಿದದ್ದಕ್ಕೆ ಬರೀ ಹುದ್ದೆ ಖಾಲಿ ಇರುವುದೇ ಕಾರಣ ಎನ್ನಲಾಗದು; ಗುಳೆ ಹೋದ ಪೋಷಕರು, ಹಿಂದಿನ ತರಗತಿಗಳಲ್ಲೇ ಉಳಿದ ಕಲಿಕೆಯ ಕೊರತೆ, ಪರೀಕ್ಷಾ ಕೇಂದ್ರಗಳಲ್ಲಿ ಬಿಗಿಯಾದ ನಿಗಾ, ಎಲ್ಲವೂ ಸೇರಿವೆ. ಆದರೆ ಈ ಆಕ್ಷೇಪ ಸಾಧಿಸುವುದು ಅಂಕಿಯ ದೋಷವನ್ನು, ಖರ್ಚಿನ ವ್ಯರ್ಥತೆಯನ್ನಲ್ಲ. ಸಂಬಳ ಕೊಟ್ಟರೂ ಪಾಠ ಆಗದಿರಬಹುದು. ಶಿಕ್ಷಕರೇ ಇಲ್ಲದ ಕಡೆ ಪಾಠ ಆಗುವುದೇ ಇಲ್ಲ. ಕಟ್ಟಡದ ಪರ ವಾದಿಸುವವರಿಗೂ ಉತ್ತರ ಇದರಲ್ಲೇ ಇದೆ. ಹೊಸ ಆಸ್ಪತ್ರೆ ಕಟ್ಟಿದ ದಿನದಿಂದ ಅದು ಪ್ರತಿ ವರ್ಷ ವೈದ್ಯರು, ದಾದಿಯರು, ವಿದ್ಯುತ್ತು, ಔಷಧಿ ಕೇಳುತ್ತದೆ. ಆ ವಾರ್ಷಿಕ ಬಳಕೆಗೆ ಹಣ ತೆಗೆದಿಡದೆ ಕಟ್ಟಿದ ಕಟ್ಟಡ ಲೆಕ್ಕದಲ್ಲಿ ಆಸ್ತಿ, ರೋಗಿಗೆ ಬೀಗ ಹಾಕಿದ ಬಾಗಿಲು.

ಮೂರನೆಯದು ಅಂಕಿಗಳ ನಂಬಿಕೆಯ ಪ್ರಶ್ನೆ. ಮನೆಮನೆ ಸಮೀಕ್ಷೆ ಕೊಡುವ ಬಳಕೆಯ ಮೊತ್ತ ರಾಷ್ಟ್ರೀಯ ಲೆಕ್ಕದ ಮೊತ್ತಕ್ಕಿಂತ ಕಡಿಮೆ. 1970ರ ದಶಕದವರೆಗೂ ಹತ್ತಿರವಿದ್ದ ಇವೆರಡರ ಅಂತರ ಬೆಳೆದು, 2011-12ರ ಹೊತ್ತಿಗೆ ಸಮೀಕ್ಷೆ ಹಿಡಿಯುತ್ತಿದ್ದದ್ದು ಸರಿಸುಮಾರು ಅರ್ಧವನ್ನಷ್ಟೆ. ಶ್ರೀಮಂತರು ಬಾಗಿಲು ತೆರೆಯುವುದಿಲ್ಲ, ತೆರೆದರೂ ಪೂರ್ತಿ ಹೇಳುವುದಿಲ್ಲ. ರಾಷ್ಟ್ರೀಯ ಲೆಕ್ಕದವರೂ ಕುಟುಂಬ ಬಳಕೆಯನ್ನು ಬಹುಮಟ್ಟಿಗೆ ನೇರವಾಗಿ ಅಳೆಯದೆ, ಉತ್ಪಾದನೆಯಲ್ಲಿ ಉಳಿದ ಬಾಬುಗಳನ್ನು ಕಳೆದು ಮಿಕ್ಕಿದ್ದನ್ನು ಮನೆಗಳ ಪಾಲಿಗೆ ಬರೆಯುತ್ತ ಬಂದಿದ್ದಾರೆ. 2017-18ರ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ಹೇಳಿ ಕೇಂದ್ರ ಬಿಡುಗಡೆಯನ್ನೇ ಮಾಡಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ದೇಶ ತನ್ನ ಅಡುಗೆಮನೆಯ ಅಧಿಕೃತ ಅಂಕಿಯಿಲ್ಲದೆ ನಡೆಯಿತು. 2022-23ರಲ್ಲಿ ಉಚಿತವಾಗಿ ಬಂದ ವಸ್ತುಗಳಿಗೂ ಬೆಲೆ ಕಟ್ಟಿದ ಎರಡನೆಯ ಲೆಕ್ಕ ಕೊಟ್ಟದ್ದು ಒಳ್ಳೆಯ ಸುಧಾರಣೆ. ಗ್ರಾಮೀಣ ತಲಾ ಖರ್ಚು ಅದರಿಂದ 3,773ರಿಂದ 3,860ಕ್ಕೆ ಏರಿತು. ಆದರೆ ಅದರಲ್ಲಿ ಪಡಿತರ, ಸೈಕಲ್ಲು, ಲ್ಯಾಪ್‌ಟಾಪ್‌ಗಳಿಗೆ ಬೆಲೆ ಇದೆ, ಉಚಿತ ಶಿಕ್ಷಣಕ್ಕೂ ಚಿಕಿತ್ಸೆಗೂ ಬೆಲೆ ಇಲ್ಲ. ಜಿಲ್ಲೆಗೆ ಬಂದರಂತೂ ಪ್ರಕಟವಾಗುವುದು ಉತ್ಪಾದನೆಯ ಕಡೆಯ ಜಿಲ್ಲಾ ಉತ್ಪನ್ನ ಮಾತ್ರ. ಸೇಡಂ ಎಷ್ಟು ಸಿಮೆಂಟ್ ತಯಾರಿಸಿತು ಎಂಬುದು ತಿಳಿಯುತ್ತದೆ, ಸೇಡಂನ ಮನೆಗಳಿಗೆ ಸರ್ಕಾರ ವರ್ಷಕ್ಕೆ ಎಷ್ಟು ಶಿಕ್ಷಣ, ಎಷ್ಟು ಚಿಕಿತ್ಸೆ ಕೊಟ್ಟಿತು ಎಂಬುದು ಯಾವ ಪಟ್ಟಿಯಲ್ಲೂ ಒಂದೇ ಕಡೆ ಸಿಗುವುದಿಲ್ಲ.

ಇತ್ತೀಚೆಗೆ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ ಎಂಬ ಹೆಸರಿನಲ್ಲಿ ಶಿಕ್ಷಣಕ್ಕೆ ಹಣ ಮೀಸಲಿಟ್ಟು, ಕಟ್ಟಡದ ಜೊತೆಗೆ ಅತಿಥಿ ಶಿಕ್ಷಕರ ಗೌರವಧನವನ್ನೂ ಭರಿಸತೊಡಗಿದೆ. ಕಾಮಗಾರಿಗಾಗಿ ಹುಟ್ಟಿದ ಸಂಸ್ಥೆಯ ಹಣ ಹೀಗೆ ಬಳಕೆಯ ಬಾಬಿಗೆ ಹರಿದದ್ದು ದಿಕ್ಕು ಬದಲಿಸುವ ಮಾತು, ಮೊತ್ತ ಸಣ್ಣದಿರಬಹುದು. ತೊಂದರೆ ಇರುವುದು ಅದರ ಸ್ವರೂಪದಲ್ಲಿ: ಅತಿಥಿ ಶಿಕ್ಷಕರ ನೇಮಕ ಆಯಾ ವರ್ಷಕ್ಕೆ ಸೀಮಿತ, ಮಂಡಳಿಯ ಕ್ರಿಯಾಯೋಜನೆಯೂ ವರ್ಷವರ್ಷಕ್ಕೆ ಮಂಜೂರಾಗಬೇಕು; ಶಾಲೆಯಾದರೋ ಆ ಮಂಜೂರಾತಿಗೆ ಕಾಯದೆ ಜೂನ್‌ಗೇ ಶುರುವಾಗುತ್ತದೆ.